ಎರಡು ಕೋತಿಗಳು, ಒಂದು ಚುಚ್ಚುಮದ್ದು, 14 ವರ್ಷದ ತಕರಾರು

'ಅಂತರ' ಚುಚ್ಚುಮದ್ದು ಗೊತ್ತಲ್ವಾ? ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಬಿಟ್ಟಿಯಾಗಿ ಕೊಡುವ ಗರ್ಭನಿರೋಧಕ ಅದು. ಮಾತ್ರೆಯ ರಗಳೆ ಇಲ್ಲ, ಆಪರೇಷನ್ನಿನ ಭಯ ಇಲ್ಲ. ಕೆಲವು ತಿಂಗಳ ಹಿಂದೆ ನಮ್ಮ ನೆಂಟರ ಪೈಕಿ ಒಬ್ಬಳು ಫೋನ್ ಮಾಡಿದ್ದಳು. ಎರಡನೇ ಹೆರಿಗೆಯಾಗಿ ಆರು ತಿಂಗಳು. ಆಶಾ ಕಾರ್ಯಕರ್ತೆ ಅಂತರ ಹಾಕಿಸಿಕೋ ಅಂದಿದ್ದಾರೆ. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಏನೋ ಬಂದಿದೆ. "ಈ ಔಷಧಿ ಕೊಟ್ಟ ಮಂಗಗಳಿಗೆ ಕ್ಯಾನ್ಸರ್ ಬಂದಿತ್ತಂತೆ. ನಿಜಾನಾ?"

ನಿಜ. ಬಂದಿತ್ತು, ಎರಡಕ್ಕೆ. ಆದರೆ ಈ ನಿಜಕ್ಕೆ ಮಂಗನ ಬಾಲಕ್ಕಿಂತ ಉದ್ದದ ಕಥೆ ಅಂಟಿಕೊಂಡಿದೆ. ಅದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ.

ಔಷಧಿಯ ಹೆಸರು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್. ನಾಲಗೆ ತಿರುಗದವರು ಡಿಎಂಪಿಎ ಅನ್ನುತ್ತಾರೆ. ಅಂಗಡಿಯ ಹೆಸರು ಡೆಪೊ ಪ್ರೊವೆರಾ. ಬಸುರಿಯರ ಮೈಯಲ್ಲಿ ಹೆಚ್ಚಾಗುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಇದು ಹತ್ತಿರದ ನೆಂಟ. 150 ಮಿಲಿಗ್ರಾಂ ಚುಚ್ಚಿದರೆ ಮೂರು ತಿಂಗಳು ಅಂಡ ಬಿಡುಗಡೆ ಆಗೋದಿಲ್ಲ. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ಗರ್ಭನಿರೋಧಕವಾಗಿ ಮಾರಲು 1967ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ಅರ್ಜಿ ಹಾಕಿತು. ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಅಂದರೆ 25 ವರ್ಷ! ನಡುವೆ ಏನಾಯಿತು ಅನ್ನೋದೇ ನಮಗೆ ಬೇಕಾದ ವಿಷಯ.

ಆ ಕಾಲದಲ್ಲಿ ಎಫ್‌ಡಿಎಗೆ ಒಂದು ದಿಗಿಲಿತ್ತು. ಬೇರೆ ಔಷಧಿಯನ್ನು ಕಾಯಿಲೆಯವರು ನಾಲ್ಕು ದಿನ ತಿಂದು ಬಿಡುತ್ತಾರೆ. ಗರ್ಭನಿರೋಧಕವನ್ನು ಆರೋಗ್ಯವಾಗಿರುವ ಹೆಂಗಸರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಾರ್ಮೋನು ಎಂದರೆ ಸ್ತನ ಮತ್ತು ಗರ್ಭಕೋಶದ ಜೀವಕೋಶಗಳಿಗೆ 'ಬೆಳೆ' ಅಂತಲೋ 'ನಿಲ್ಲು' ಅಂತಲೋ ಅಪ್ಪಣೆ ಕೊಡುವ ವಸ್ತು. ಸುಮ್ನೆ ಇಲಿಗಳ ಮೇಲೆ ಎರಡು ವರ್ಷ ಪರೀಕ್ಷೆ ಮಾಡಿದರೆ ಸಾಕೇ? ಸಾಲದು ಅಂದುಕೊಂಡ ಎಫ್‌ಡಿಎ, ಗರ್ಭನಿರೋಧಕ ಹಾರ್ಮೋನುಗಳಿಗೆ ಬೇರೆಯದೇ ನಿಯಮ ಮಾಡಿತು. ಬೀಗಲ್ ನಾಯಿಗಳ ಮೇಲೆ ಏಳು ವರ್ಷ, ಕೋತಿಗಳ ಮೇಲೆ ಹತ್ತು ವರ್ಷ.

ಕೋತಿ ಯಾಕೆ ಅಂದರೆ, ಅದರಲ್ಲೂ ರೀಸಸ್ ಕೋತಿ ಯಾಕೆ ಅಂದರೆ, ಅದಕ್ಕೂ ಸುಮಾರು 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ಇಲಿಗೆ ಹಾಗಿಲ್ಲ, ನಾಯಿಗೂ ಇಲ್ಲ. ಹಾರ್ಮೋನಿನ ವಿಷಯದಲ್ಲಿ ನಮಗೆ ಇಷ್ಟು ಹತ್ತಿರವಿದ್ದು, ಪಂಜರದಲ್ಲಿ ಸಾಕಲು ಆಗುವ ಪ್ರಾಣಿ ಬೇರೆ ಸಿಗೋದು ಕಷ್ಟ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಎನ್.ಆರ್. ಮೌದ್ಗಲ್ ಅವರ ತಂಡ ಸಂತಾನಶಕ್ತಿಯ ಹಾರ್ಮೋನುಗಳನ್ನು ಓದಲು ದಕ್ಷಿಣ ಭಾರತದ ಕೋಡಗಗಳನ್ನೇ ಇಟ್ಟುಕೊಂಡಿದ್ದಕ್ಕೂ ಇಂಥದ್ದೇ ಕಾರಣ. ಅದು ಕ್ಯಾನ್ಸರ್ ಪರೀಕ್ಷೆಯಾಗಿರಲಿಲ್ಲ, ಆದರೆ ನಂಬಿಕೆ ಒಂದೇ: ಮಂಗನ ಮೈಯಲ್ಲಿ ನಡೆದದ್ದು ನಮ್ಮ ಮೈಯಲ್ಲೂ ನಡೆಯುತ್ತದೆ.

ಮೊದಲು ತಕರಾರು ತೆಗೆದದ್ದು ನಾಯಿಗಳು. ಡೆಪೊ ಚುಚ್ಚಿದ ಬೀಗಲ್‌ಗಳ ಮೊಲೆಗಳಲ್ಲಿ ಗೆಡ್ಡೆ ಕಾಣಿಸಿಕೊಂಡವು. 1978ರ ಮಾರ್ಚಿನಲ್ಲಿ ಎಫ್‌ಡಿಎ ಒಪ್ಪಿಗೆ ಕೊಡಲ್ಲ ಅಂದಿತು. 14 ವರ್ಷದ ತಕರಾರು ಶುರುವಾದದ್ದು ಇಲ್ಲಿಂದ. ಕಂಪನಿ ಬಿಡಲಿಲ್ಲ, ಮರುವಿಚಾರಣೆ ಕೇಳಿತು. ನಾಯಿಯ ಮೈಯೇ ಬೇರೆ, ಪ್ರೊಜೆಸ್ಟರಾನ್ ಜಾತಿಯ ಔಷಧಿ ಕೊಟ್ಟರೆ ಅದರ ಮೊಲೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚುತ್ತದೆ, ಹೆಂಗಸರಿಗೆ ಹಾಗಾಗಲ್ಲ ಅನ್ನುವ ವಾದ ಆಮೇಲೆ ಗಟ್ಟಿಯಾಯಿತು. ವಾದ ಸರಿಯಾದದ್ದೇ. ಮುಂದೆ ಬೀಗಲ್ ಪರೀಕ್ಷೆಯ ನಿಯಮವನ್ನೇ ಕೈಬಿಟ್ಟರು.

ಆದರೆ ಅಷ್ಟರಲ್ಲಿ ಕೋತಿಗಳ ಹತ್ತು ವರ್ಷ ತುಂಬಿತು.

ಕೋತಿಗಳನ್ನು ಗುಂಪು ಮಾಡಿದ್ದರು. ಒಂದಕ್ಕೆ ಔಷಧಿ ಇಲ್ಲ. ಒಂದಕ್ಕೆ ಹೆಂಗಸರಿಗೆ ಕೊಡುವಷ್ಟೇ. ಇನ್ನೊಂದಕ್ಕೆ ಅದರ 10 ಪಟ್ಟು. ಕೊನೆಯದಕ್ಕೆ 50 ಪಟ್ಟು. ಹತ್ತು ವರ್ಷವಾದ ಮೇಲೆ ಕೊಯ್ದು ನೋಡಿದಾಗ 50 ಪಟ್ಟಿನ ಗುಂಪಿನ ಎರಡು ಕೋತಿಗಳ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇತ್ತು. ಉಳಿದ ಯಾವ ಗುಂಪಿನಲ್ಲೂ ಆ ಕ್ಯಾನ್ಸರ್ ಇರಲಿಲ್ಲ.

ಈಗ ನೀವೇ ತೀರ್ಪುಗಾರರು ಅಂದುಕೊಳ್ಳಿ. ಒಂದು ಕಡೆ, ಎರಡೇ ಎರಡು ಕೋತಿ, ಅದೂ ಯಾರೂ ತೆಗೆದುಕೊಳ್ಳದಷ್ಟು ಡೋಸ್. ಇನ್ನೊಂದು ಕಡೆ, ರೀಸಸ್ ಕೋತಿಗಳಲ್ಲಿ ಈ ಕ್ಯಾನ್ಸರ್ ತಾನಾಗಿ ಬರೋದು ತೀರಾ ಅಪರೂಪ. ಅಪರೂಪದ್ದು ಒಂದೇ ಗುಂಪಿನಲ್ಲಿ ಎರಡು ಸಲ ಬಂದರೆ ಕಾಕತಾಳೀಯ ಅಂತ ತಳ್ಳಿಹಾಕೋದು ಹೇಗೆ? 1983ರ ಜನವರಿಯಲ್ಲಿ ಎಫ್‌ಡಿಎ ಮೂವರು ವಿಜ್ಞಾನಿಗಳ ಬಹಿರಂಗ ವಿಚಾರಣಾ ಮಂಡಳಿ ಕೂರಿಸಿತು. ಜೂಡಿತ್ ವೈಸ್ ಅದರ ಅಧ್ಯಕ್ಷೆ. 1984ರಲ್ಲಿ ಮಂಡಳಿ ಹೇಳಿದ್ದು ಇಷ್ಟು: ಅಮೆರಿಕದಲ್ಲಿ ಎಲ್ಲರಿಗೂ ಕೊಡಬಹುದಾದಷ್ಟು ಸುರಕ್ಷಿತ ಅನ್ನಲು ಬೇಕಾದ ಪುರಾವೆ ಇಲ್ಲ.

ಕಥೆಯಲ್ಲಿ ಒಂದು ವಿಚಿತ್ರ ಇದೆ. ಯಾವ ಕ್ಯಾನ್ಸರ್ ಕೋತಿಗಳಿಗೆ ಬಂತೋ, ಅದೇ ಕ್ಯಾನ್ಸರ್ ಮುಂದುವರಿದ ಹೆಂಗಸರಿಗೆ ಆಗಲೇ ಇದೇ ಡೆಪೊ ಪ್ರೊವೆರಾವನ್ನು ಚಿಕಿತ್ಸೆಯಾಗಿ ಕೊಡುತ್ತಿದ್ದರು! ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ಬೆಳೆಯದಂತೆ ತಡೆಯುತ್ತದೆ ಅನ್ನೋದು ಸ್ತ್ರೀರೋಗ ತಜ್ಞರಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಿದ್ದರೆ ಕೋತಿಗೆ ಯಾಕೆ ತಿರುಗುಬಾಣವಾಯಿತು?

ಉತ್ತರ ಸಿಕ್ಕಿದ್ದು ಕೋತಿಯ ಬಸಿರಿನಲ್ಲಿ. ರೀಸಸ್ ಕೋತಿಯ ಗರ್ಭಕೋಶಕ್ಕೆ ಭ್ರೂಣ ಬಂದು ಕೂತಾಗ ಒಳಮೈಯ ಜೀವಕೋಶಗಳು ಸರಸರನೆ ಹೆಚ್ಚಿ ಒಂದು ದಪ್ಪ ತೇಪೆಯಂತೆ ಆಗುತ್ತವೆ. ಇದಕ್ಕೆ ಎಪಿಥೀಲಿಯಲ್ ಪ್ಲೇಕ್ ಅಂತ ಹೆಸರು. ಕೆಲವೇ ದಿನ ಇದ್ದು ಕರಗಿಹೋಗುತ್ತದೆ. ಹೆಂಗಸರ ಗರ್ಭಕೋಶದಲ್ಲಿ ಈ ತೇಪೆ ಮೂಡುವುದೇ ಇಲ್ಲ. ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನನ್ನು ಹೇರಳವಾಗಿ ಕೊಟ್ಟರೆ ಬಸಿರಿಲ್ಲದ ಕೋತಿಯಲ್ಲೂ ಅದು ಮೂಡುತ್ತದೆ. ಹತ್ತು ವರ್ಷ ಬಿಡದೆ 50 ಪಟ್ಟು ಕೊಟ್ಟಾಗ, ಕರಗಬೇಕಾದ ತೇಪೆಯಿಂದಲೇ ಕ್ಯಾನ್ಸರ್ ಹುಟ್ಟಿರಬೇಕು ಅನ್ನುವುದು ತಜ್ಞರ ವಿವರಣೆ. 28 ದಿನದ ಮುಟ್ಟು ನೋಡಿ 'ನಮ್ಮ ಹಾಗೇ ಇದೆ' ಅಂತ ಆರಿಸಿದ ಪ್ರಾಣಿ, ನಮ್ಮ ಹಾಗೆ ಇಲ್ಲದ ಒಂದೇ ಒಂದು ಜಾಗದಲ್ಲಿ ಕೈಕೊಟ್ಟಿತು.

ಹಾಗಂತ ಹೆಂಗಸರಿಗೆ ಈ ಭಯ ಇಲ್ಲ ಅನ್ನೋದು ಪಕ್ಕಾ ಆಗಿದ್ದು ಗರ್ಭಕೋಶ ಕೊಯ್ದು ನೋಡಿದ್ದರಿಂದಲ್ಲ, ಹೆಂಗಸರನ್ನು ಲೆಕ್ಕ ಹಾಕಿದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ ಥಾಯ್ಲೆಂಡ್, ಕೀನ್ಯಾ, ಮೆಕ್ಸಿಕೊ ದೇಶಗಳ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಬಂದವರನ್ನೂ ಬಾರದವರನ್ನೂ ಹೋಲಿಸಿ ನೋಡಿತು. 1991ರಲ್ಲಿ ಬಂದ ಫಲಿತಾಂಶದಲ್ಲಿ, ಡೆಪೊ ಹಾಕಿಸಿಕೊಂಡವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಂಭವ ಹೆಚ್ಚಿರಲಿಲ್ಲ, ಸುಮಾರು ಶೇ 80ರಷ್ಟು ಕಡಿಮೆ ಇತ್ತು. ಅಂದರೆ ಕೋತಿ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಸ್ತನ ಕ್ಯಾನ್ಸರ್ ಒಟ್ಟಾರೆ ಹೆಚ್ಚಿರಲಿಲ್ಲ. ಆದರೆ ಸಣ್ಣ ವಯಸ್ಸಿನವರಲ್ಲಿ, ಶುರು ಮಾಡಿದ ಮೊದಲ ಕೆಲವು ವರ್ಷ ಸ್ವಲ್ಪ ಜಾಸ್ತಿ ಕಂಡಿತು. ಮಾರನೇ ವರ್ಷ, 1992ರ ಅಕ್ಟೋಬರಿನಲ್ಲಿ, ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ 90 ದೇಶಗಳಲ್ಲಿ ಔಷಧಿ ಬಳಕೆಯಲ್ಲಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅಮೆರಿಕ ತನ್ನ ಹೆಂಗಸರಿಗೆ ಬೇಡ ಅನ್ನುತ್ತಿದ್ದಾಗ ಈ ಚುಚ್ಚುಮದ್ದು ಬಡ ದೇಶಗಳಲ್ಲಿ ಧಾರಾಳವಾಗಿ ನಡೆಯುತ್ತಿತ್ತು. ಅಮೆರಿಕದೊಳಗೂ ಅಟ್ಲಾಂಟಾದ ಒಂದು ಸಾರ್ವಜನಿಕ ಆಸ್ಪತ್ರೆಯ ಕ್ಲಿನಿಕ್ಕಿನಲ್ಲಿ ಅಧ್ಯಯನದ ಹೆಸರಿನಲ್ಲಿ ಸಾವಿರಾರು ಹೆಂಗಸರಿಗೆ ಕೊಟ್ಟರು, ಬಹುಪಾಲು ಬಡ ಕಪ್ಪು ಹೆಂಗಸರು. ಕೋತಿಯ ಪರೀಕ್ಷೆಯ ಜೊತೆಜೊತೆಗೇ ಮನುಷ್ಯರ ಪರೀಕ್ಷೆಯೂ ನಡೆದಿತ್ತು ಅನ್ನಿ, ಅದನ್ನು ಪರೀಕ್ಷೆ ಅಂತ ಎಲ್ಲರಿಗೂ ಹೇಳಿರಲಿಲ್ಲ ಅಷ್ಟೆ. ನಮ್ಮಲ್ಲಿ ಮಹಿಳಾ ಸಂಘಟನೆಗಳು ಚುಚ್ಚುಮದ್ದಿನ ಮೇಲೆ ಸಂಶಯಪಟ್ಟಿದ್ದು ಇದಕ್ಕೇ. 1985ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇನ್ನೊಂದು ಗರ್ಭನಿರೋಧಕ ಚುಚ್ಚುಮದ್ದು ನೆಟ್-ಎನ್ ಕೊಡಲು ಶಿಬಿರ ಮಾಡಿದಾಗ ಗಲಾಟೆಯಾಯಿತು. 1986ರಲ್ಲಿ ಸ್ತ್ರೀ ಶಕ್ತಿ ಸಂಘಟನೆ ಮತ್ತು ಜೊತೆಯವರು ಸುಪ್ರೀಂ ಕೋರ್ಟಿಗೆ ಹೋದರು. ಡಿಎಂಪಿಎ ಖಾಸಗಿ ಡಾಕ್ಟರುಗಳ ಕೈಗೆ 1990ರ ದಶಕದಲ್ಲೇ ಬಂತು. ಸರ್ಕಾರಿ ಯೋಜನೆಗೆ 'ಅಂತರ' ಅಂತ ಹೆಸರಿಟ್ಟುಕೊಂಡು ಬಂದದ್ದು 2017ರಲ್ಲಿ.

ಹಾಗಾದರೆ ಕೋತಿ ಪರೀಕ್ಷೆ ದಂಡವೇ? ಒಂದು ಔಷಧಿ ನೋಡಿ ಹಾಗೆ ಅನ್ನಬಾರದು. ಇದಕ್ಕಿಂತ ದೊಡ್ಡ ಲೆಕ್ಕ ಒಂದಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1961ರಲ್ಲಿ ಒಂದು ಕೆಲಸ ಶುರು ಮಾಡಿತು. ಕ್ಯಾನ್ಸರ್ ತರಬಹುದು ಅನ್ನಿಸಿದ ರಾಸಾಯನಿಕಗಳನ್ನು ರೀಸಸ್, ಏಡಿತಿನ್ನುವ ಉದ್ದಬಾಲದ ಕೋತಿ, ಆಫ್ರಿಕನ್ ಹಸಿರು ಕೋತಿಗಳಿಗೆ ಕೊಟ್ಟು ಸಾಯುವವರೆಗೂ ಕಾದು ನೋಡೋದು. 32 ವರ್ಷದ ಲೆಕ್ಕವನ್ನು 1994ರಲ್ಲಿ ಒಟ್ಟಾಗಿ ಪ್ರಕಟಿಸಿದರು. ಅಷ್ಟು ವರ್ಷದಲ್ಲಿ ಪರೀಕ್ಷೆಯಾದದ್ದು 37 ವಸ್ತುಗಳು. ವರ್ಷಕ್ಕೆ ಒಂದು ಚಿಲ್ಲರೆ!

ಕೆಲವು ವಸ್ತುಗಳ ವಿಷಯದಲ್ಲಿ ಕೋತಿಗಳು ಅನುಮಾನಕ್ಕೆ ಜಾಗವನ್ನೇ ಬಿಡಲಿಲ್ಲ. ಡೈಈಥೈಲ್ ನೈಟ್ರೊಸಮೀನ್ ಅನ್ನುವುದು ಕೋತಿಗಳ ಲಿವರಿಗೆ ಎಲ್ಲಕ್ಕಿಂತ ಕೆಟ್ಟದ್ದು ಅಂತ ಗೊತ್ತಾಯಿತು. ಈ ಹೆಸರು ಹೊಸದೇನಲ್ಲ. 2018ರಲ್ಲಿ ಬಿಪಿಯ ಸಾರ್ಟಾನ್ ಮಾತ್ರೆಗಳನ್ನು ದೇಶದೇಶಗಳಲ್ಲಿ ವಾಪಸ್ ತರಿಸಿಕೊಂಡರಲ್ಲ, ಆಗ ಸಿಕ್ಕ ಕಲ್ಮಶಗಳಲ್ಲಿ ಇದೂ ಒಂದು. ಇದರ ತಮ್ಮನಂಥ ಎನ್‌ಡಿಎಂಎ ಗ್ಯಾಸ್ಟ್ರಿಕ್ ಮಾತ್ರೆ ರಾನಿಟಿಡಿನ್‌ನಲ್ಲಿ ಸಿಕ್ಕಿತು. ಮಾತ್ರೆಯಲ್ಲಿದ್ದದ್ದು ಚೂರೇ ಚೂರು, ಆದರೂ ಔಷಧ ನಿಯಂತ್ರಕರು ನಡುಗಿದ್ದು ಸುಮ್ಮನೆ ಅಲ್ಲ.

ಅಫ್ಲಟಾಕ್ಸಿನ್ ಇನ್ನೊಂದು. ಸರಿಯಾಗಿ ಒಣಗಿಸದ ಕಡಲೆಕಾಯಿ, ಜೋಳದ ಮೇಲೆ ಬೆಳೆಯುವ ಬೂಸ್ಟಿನ ವಿಷ ಇದು. ಇದನ್ನು ಕೊಟ್ಟರೆ ಇಲಿಗೆ ಬೇಗ ಲಿವರ್ ಕ್ಯಾನ್ಸರ್ ಬರುತ್ತದೆ. ಅದೇ ಸುಂಡಿಲಿಗೆ ಕೊಡಿ, ಅರಗಿಸಿಕೊಂಡು ಓಡಾಡಿಕೊಂಡಿರುತ್ತದೆ! ಅದರ ಲಿವರಿನ ಒಂದು ಕಿಣ್ವ ವಿಷವನ್ನು ಹಿಡಿದು ಹೊರಹಾಕಿಬಿಡುತ್ತದೆ. ಮನುಷ್ಯ ಇಲಿಯ ಕಡೆಯೋ, ಸುಂಡಿಲಿಯ ಕಡೆಯೋ? 47 ಕೋತಿಗಳಿಗೆ ಕೊಟ್ಟ ಪ್ರಯೋಗದ ವರದಿ 1979ರಲ್ಲಿ ಬಂತು. ಅಲ್ಲಿವರೆಗೆ ಸತ್ತು ಕೊಯ್ದು ನೋಡಿದ 35ರಲ್ಲಿ 13ಕ್ಕೆ ಕ್ಯಾನ್ಸರ್ ಇತ್ತು. ಕೋತಿ ಇಲಿಯ ಕಡೆಗೆ ವಾಲಿತು, ಮನುಷ್ಯನ ಪುರಾವೆಯೂ ಅತ್ತಲೇ ವಾಲಿತು. ಕೋತಿ ಪರೀಕ್ಷೆಗೆ ಅಂಕ ಕೊಡುವುದಾದರೆ ನಾನು ಕೊಡೋದು ಇಲ್ಲಿ. ಎರಡು ಇಲಿಗಳ ಜಗಳದಲ್ಲಿ ಮೂರನೆಯವನ ಸಾಕ್ಷಿ.

ಆದರೆ 'ಕ್ಯಾನ್ಸರ್ ಬರಲಿಲ್ಲ' ಅಂತ ಕೋತಿ ಹೇಳಿದಾಗ ಅದನ್ನು ಎಷ್ಟು ನಂಬಬೇಕು? ಸ್ಯಾಕರಿನ್ ನೋಡಿ. 1977ರಲ್ಲಿ ಕೆನಡಾದ ಪ್ರಯೋಗದಲ್ಲಿ ಗಂಡು ಇಲಿಗಳ ಮೂತ್ರಕೋಶದಲ್ಲಿ ಕ್ಯಾನ್ಸರ್ ಬಂತು, ಅಮೆರಿಕದಲ್ಲಿ ನಿಷೇಧದ ಮಾತು ಬಂತು, ಕೊನೆಗೆ ಡಬ್ಬದ ಮೇಲೆ ಎಚ್ಚರಿಕೆ ಬರೆಸಿದರು. ಇತ್ತ 20 ಕೋತಿಗಳಿಗೆ ಹುಟ್ಟಿದ ಮಾರನೇ ದಿನದೊಳಗೆ ಶುರು ಮಾಡಿ, ವಾರಕ್ಕೆ ಐದು ದಿನ, 24 ವರ್ಷದವರೆಗೂ ಸ್ಯಾಕರಿನ್ ತಿನ್ನಿಸಿದರು. ಮೂತ್ರಕೋಶಕ್ಕೆ ಏನೂ ಆಗಲಿಲ್ಲ ಅಂತ 1998ರಲ್ಲಿ ವರದಿ ಬಂತು. ಗಂಡು ಇಲಿಯ ಮೂತ್ರದಲ್ಲಿ ಮಾತ್ರ ಸ್ಯಾಕರಿನ್ ಜಾಸ್ತಿಯಾದಾಗ ಸಣ್ಣ ಹರಳುಗಳು ಕಟ್ಟಿ ಒಳಗೋಡೆಯನ್ನು ಕೆರೆಯುತ್ತವೆ, ಕೆರೆದ ಕಡೆ ಜೀವಕೋಶ ಮತ್ತೆ ಮತ್ತೆ ಬೆಳೆದು ಗೆಡ್ಡೆಯಾಗುತ್ತದೆ ಅಂತಲೂ ತಿಳಿಯಿತು. 2000ದಲ್ಲಿ ಎಚ್ಚರಿಕೆ ತೆಗೆದರು.

ತೀರ್ಮಾನ ಸರಿಯೇ. ಆದರೆ ಅದಕ್ಕೆ ಬರೀ 20 ಕೋತಿ ಸಾಕ್ಷಿಯಾಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ. ಯಾವುದೋ ವಸ್ತು ನೂರರಲ್ಲಿ 10 ಜನಕ್ಕೆ ಕ್ಯಾನ್ಸರ್ ತರುತ್ತದೆ ಅಂದುಕೊಳ್ಳಿ. ಅಂಥ ಘೋರ ವಸ್ತುವನ್ನು 20 ಕೋತಿಗಳಿಗೆ ಕೊಟ್ಟರೂ ಒಂದಕ್ಕೂ ಬರದೇ ಇರುವ ಸಾಧ್ಯತೆ ಶೇ 12. ನೂರರಲ್ಲಿ ಒಬ್ಬರಿಗೆ ತರುವ ವಸ್ತುವಾದರೆ ಶೇ 82! ಅಂದರೆ ಲಕ್ಷ ಜನ ಬಳಸಿದರೆ ಸಾವಿರ ಮಂದಿಗೆ ಕ್ಯಾನ್ಸರ್ ತರುವ ವಸ್ತು ಕೋತಿ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗಿಬಿಡುತ್ತದೆ. ಇಲಿಗಳ ಪರೀಕ್ಷೆಯಲ್ಲಿ ಒಂದೊಂದು ಗುಂಪಿಗೆ 50 ಗಂಡು, 50 ಹೆಣ್ಣು ಇಡೋದು, ಎರಡು ವರ್ಷದಲ್ಲಿ ಮುಗಿಸೋದು ವಾಡಿಕೆ. ಕೋತಿ 25-30 ವರ್ಷ ಬದುಕುತ್ತದೆ. 100 ಕೋತಿಗಳನ್ನು 25 ವರ್ಷ ಸಾಕುವವರು ಯಾರು? ಅದನ್ನು ಶುರು ಮಾಡಿದ ವಿಜ್ಞಾನಿ ರಿಟೈರ್ ಆಗಿ ಮೊಮ್ಮಕ್ಕಳನ್ನು ಆಡಿಸುವ ಹೊತ್ತಿಗೆ ಫಲಿತಾಂಶ ಬರುತ್ತದೆ.

ಕೋತಿಗಳಾದರೂ ಎಲ್ಲಿಂದ ಬರುತ್ತಿದ್ದವು? ರೀಸಸ್ ಅಂದರೆ ನಮ್ಮ ಉತ್ತರ ಭಾರತದ್ದೇ ಕೆಂಪು ಮೂತಿಯ ಕೋತಿ. ವರ್ಷವರ್ಷ ಸಾವಿರಗಟ್ಟಲೆ ಹಿಡಿದು ಹಡಗಿಗೂ ವಿಮಾನಕ್ಕೂ ಹತ್ತಿಸುತ್ತಿದ್ದೆವು. ಅಮೆರಿಕದವರು ಅವನ್ನು ಸೈನ್ಯದ ವಿಕಿರಣ ಪ್ರಯೋಗಕ್ಕೂ ಬಳಸುತ್ತಿದ್ದಾರೆ ಅಂತ ಸುದ್ದಿಯಾದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತು ನಿಲ್ಲಿಸಿತು. ಆ ಮೇಲೆ ಭಾರ ಬಿದ್ದದ್ದು ಉದ್ದಬಾಲದ ಕೋತಿಗಳ ಮೇಲೆ. 2022ರಲ್ಲಿ ಅವು ಅಳಿವಿನ ಅಂಚಿನ ಪಟ್ಟಿ ಸೇರಿದವು. ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಕೋತಿಯ ಗಾದೆ ಹೇಳಿಕೊಂಡು ನಗುವವರು ನಾವು. ಇಲ್ಲಿ ಯಾರು ತಿಂದರು, ಯಾರ ಬಾಯಿಗೆ ಒರೆಸಿದರು?

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಕಡ್ಡಾಯವಲ್ಲ ಅನ್ನುವ ಕಾಯ್ದೆ 2022ರ ಕೊನೆಗೆ ಅಮೆರಿಕದಲ್ಲಿ ಬಂತು. 2023ರಲ್ಲಿ ಭಾರತವೂ ತನ್ನ ಔಷಧ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಜೀವಕೋಶ, ಚಿಪ್ ಮೇಲೆ ಬೆಳೆಸಿದ ಪುಟ್ಟ ಅಂಗ, ಕಂಪ್ಯೂಟರ್ ಮಾದರಿಗಳಿಗೆ ದಾರಿ ಬಿಟ್ಟಿತು. 2025ರ ಏಪ್ರಿಲಿನಲ್ಲಿ ಎಫ್‌ಡಿಎ, ಪ್ರತಿಕಾಯ (ಆಂಟಿಬಾಡಿ) ಔಷಧಗಳಿಂದ ಶುರುಮಾಡಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತೇನೆ ಅಂದಿತು. ಒಳ್ಳೇದೇ. ಆದರೆ ಕೋತಿಗೇ ಸಿಗದ ಉತ್ತರ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಸಿಗುತ್ತದಾ? ಹತ್ತು-ಹದಿನೈದು ವರ್ಷದ ಹಾರ್ಮೋನು ಒಂದು ಇಡೀ ಮೈಗೆ ಏನು ಮಾಡುತ್ತದೆ ಅಂತ ತಟ್ಟೆ ಹೇಳಲಾರದು.

ಇದಕ್ಕೆ ಡಿಎಂಪಿಎಗಿಂತ ಒಳ್ಳೆಯ ಉದಾಹರಣೆ ಸಿಗಲ್ಲ. 2024ರ ಮಾರ್ಚಿನಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಮೆನಿಂಜಿಯೋಮಾ ಅಂತ ಒಂದು ಗೆಡ್ಡೆ ಇದೆ, ಮಿದುಳಿನ ಹೊದಿಕೆಯಲ್ಲಿ ಬೆಳೆಯುವಂಥದ್ದು. ಬಹುಪಾಲು ಕ್ಯಾನ್ಸರ್ ಅಲ್ಲ, ಆದರೆ ದೊಡ್ಡದಾದರೆ ಮಿದುಳನ್ನು ಒತ್ತುತ್ತದೆ, ತಲೆ ತೆರೆದು ಆಪರೇಷನ್ ಮಾಡಬೇಕಾಗುತ್ತದೆ. ಹಾಗೆ ಆಪರೇಷನ್ ಆದ 18,061 ಹೆಂಗಸರನ್ನು, ಅದೇ ವಯಸ್ಸಿನ, ಅದೇ ಸೀಮೆಯ 90,305 ಹೆಂಗಸರ ಜೊತೆ ಹೋಲಿಸಿದರು. ಆಪರೇಷನ್ ಆದವರಲ್ಲಿ ಈ ಚುಚ್ಚುಮದ್ದು ಹಾಕಿಸಿಕೊಂಡವರು 9. ಐದು ಪಟ್ಟು ದೊಡ್ಡದಾದ ಇನ್ನೊಂದು ಗುಂಪಿನಲ್ಲಿ 11. ಲೆಕ್ಕ ಹಾಕಿದರೆ ಸಂಭವ ಸುಮಾರು ಐದೂವರೆ ಪಟ್ಟು ಜಾಸ್ತಿ. ಗೆಡ್ಡೆಯೇ ಅಪರೂಪದ್ದಾದ್ದರಿಂದ ಐದೂವರೆ ಪಟ್ಟು ಆದರೂ ಒಬ್ಬೊಬ್ಬರಿಗೆ ಅಪಾಯ ಕಮ್ಮಿಯೇ. ಆದರೂ ನೋಡಿ, ನಾಯಿ ಸ್ತನ ಅಂದಿತು, ಕೋತಿ ಗರ್ಭಕೋಶ ಅಂದಿತು, ಗೆಡ್ಡೆ ತಲೆಯಲ್ಲಿ ಸಿಕ್ಕಿತು. ಅದೂ ಔಷಧಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿ ಮೂರು ದಶಕ ಆದ ಮೇಲೆ.

ಫ್ರಾನ್ಸಿಗೆ ಇದು ಕಂಡಿದ್ದು ಹೇಗೆ? ಅಲ್ಲಿ ಯಾರಿಗೆ ಯಾವ ಔಷಧಿ ಸಿಕ್ಕಿತು, ಯಾರಿಗೆ ಯಾವ ಆಪರೇಷನ್ ಆಯಿತು ಅನ್ನೋದು ಒಂದೇ ರಾಷ್ಟ್ರೀಯ ಆರೋಗ್ಯ ದಾಖಲೆಯಲ್ಲಿ ಕೂತಿದೆ. ಅಲ್ಲಿ ಈ ಚುಚ್ಚುಮದ್ದು ಬಳಸುವವರೇ ಕಮ್ಮಿ, ಅದಕ್ಕೇ 9 ಮತ್ತು 11. ನಮ್ಮಲ್ಲಿ ಸರ್ಕಾರವೇ ಮನೆಬಾಗಿಲಿಗೆ ಒಯ್ಯುತ್ತಿದೆ. ಹಾಕಿಸಿಕೊಂಡವರ ಕೈಗೆ ತಾರೀಖು ಬರೆದ ಒಂದು ಕಾರ್ಡು ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿಯಲ್ಲಿ 1982ರಿಂದ ಕ್ಯಾನ್ಸರ್ ರಿಜಿಸ್ಟ್ರಿ ನಡೆಯುತ್ತಿದೆ, ದೇಶದ ಮೊದಲ ಕೆಲವುಗಳಲ್ಲಿ ಒಂದು. ಆದರೆ ಕ್ಯಾನ್ಸರ್ ರಿಜಿಸ್ಟ್ರಿಗಳ ಮುಖ್ಯ ಕೆಲಸ ಮಾರಕ ಗೆಡ್ಡೆಗಳನ್ನು ಎಣಿಸೋದು, ಮೆನಿಂಜಿಯೋಮಾ ಹೆಚ್ಚಾಗಿ ಆ ಜಾತಿಯದಲ್ಲ. ಕಾರ್ಡು ಮತ್ತು ಆಪರೇಷನ್ ಥಿಯೇಟರಿನ ಲೆಕ್ಕ, ಎರಡನ್ನೂ ಜೋಡಿಸುವ ಕೆಲಸ ಸಂಬಳ ಕೊಟ್ಟು ಮಾಡಿಸಬೇಕಾದದ್ದು. ಒಂದು ಕೋತಿ ಪ್ರಯೋಗಾಲಯ ಸಾಕುವ ಖರ್ಚಿಗಿಂತ ಇದು ಸಾವಿರ ಪಾಲು ಉಪಯೋಗದ ಖರ್ಚು ಅಂತ ನನ್ನ ಲೆಕ್ಕಾಚಾರ. 'ಪ್ರಾಣಿ ಪರೀಕ್ಷೆ ನಿಲ್ಲಿಸಿ' ಅನ್ನುವವರೂ 'ನಿಲ್ಲಿಸಬೇಡಿ' ಅನ್ನುವವರೂ ಈ ಕಾರ್ಡಿನ ಬಗ್ಗೆ ಜಗಳ ಆಡಿದ್ದನ್ನು ನಾನು ಕಂಡಿಲ್ಲ.

ನೆಂಟರ ಹುಡುಗಿಗೆ ಕೊನೆಗೆ ಇಷ್ಟು ಹೇಳಿದೆ. ಮಂಗದ ಕಥೆ ನಿಜ, ಆದರೆ ಆ ಕ್ಯಾನ್ಸರಿನ ಭಯ ನಿನಗೆ ಬೇಡ. ಮುಟ್ಟು ಏರುಪೇರಾಗುತ್ತೆ, ತುಂಬಾ ವರ್ಷ ತಗೊಂಡರೆ ಮೂಳೆ ಸ್ವಲ್ಪ ಸವೆಯುತ್ತೆ, ಅದನ್ನು ಡಾಕ್ಟರ ಹತ್ತಿರ ಕೇಳಿ ತಿಳ್ಕೋ. ಮತ್ತೆ, ಮೆನಿಂಜಿಯೋಮಾ ಇದ್ದವರು ಅಥವಾ ಹಿಂದೆ ಆಗಿದ್ದವರು ಹಾಕಿಸಿಕೊಳ್ಳೋ ಮುಂಚೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

"ಇದ್ಯೋ ಇಲ್ವೋ ನಂಗೆ ಹೆಂಗೆ ಗೊತ್ತಾಗುತ್ತೆ?" ಅಂದಳು. "ನಮ್ಮೂರ ಆಸ್ಪತ್ರೆಲಿ ಎಕ್ಸರೇ ಮಿಷಿನ್ನೇ ಕೆಟ್ಟು ಕೂತಿದೆ."